ಮತಪತ್ರದಲ್ಲಿ ಒಂದು ಪ್ರಶ್ನೆ, ಮತದಾರನ ಮನಸ್ಸಿನಲ್ಲಿ ಇನ್ನೊಂದು

ಆಟದ ನಿಯಮಗಳನ್ನು ಆಟಗಾರರೇ ಬರೆಯುವುದು ಪ್ರಜಾಪ್ರಭುತ್ವದ ಹಳೆಯ ತೊಡಕುಗಳಲ್ಲಿ ಒಂದು. ಯಾವ ಚುನಾವಣಾ ಪದ್ಧತಿಯಿಂದ ಗೆದ್ದು ಬಂದರೋ ಆ ಪದ್ಧತಿಯನ್ನು ಬದಲಿಸಲು ಗೆದ್ದವರಿಗೆ ಮನಸ್ಸು ಬರುವುದು ಅಪರೂಪ. ಸೋತವರಿಗೆ ಮನಸ್ಸಿರುತ್ತದೆ, ಅಧಿಕಾರವಿರುವುದಿಲ್ಲ. ಈ ತೊಡಕನ್ನು ಬಿಡಿಸಲು ಕೆಲವು ದೇಶಗಳು ಪ್ರಶ್ನೆಯನ್ನು ನೇರವಾಗಿ ಜನರ ಮುಂದೆಯೇ ಇಟ್ಟವು. ಅದನ್ನೇ ಜನಮತಗಣನೆ ಎನ್ನುತ್ತೇವೆ.

ಹೀಗೆ ಕೇಳಿದಾಗ ಜನ ಕೊಟ್ಟ ಉತ್ತರಗಳು ಕುತೂಹಲ ಹುಟ್ಟಿಸುತ್ತವೆ. ನ್ಯೂಜಿಲೆಂಡಿನ ಮತದಾರರು 1993ರಲ್ಲಿ ತಮ್ಮ ಹಳೆಯ ಪದ್ಧತಿಯನ್ನು ಕೈಬಿಟ್ಟರು. ಅವರಿಗೆ ಆ ಪದ್ಧತಿಯನ್ನು ಕೊಟ್ಟ ಬ್ರಿಟನ್ನಿನ ಮತದಾರರು 2011ರಲ್ಲಿ ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಎರಡೂ ದೇಶಗಳಲ್ಲಿ ಜನರಿಗೆ ರಾಜಕಾರಣಿಗಳ ಮೇಲೆ ವಿಪರೀತ ಸಿಟ್ಟಿತ್ತು. ಮಾತು ಕೊಟ್ಟು ಮುರಿದರು ಎಂಬುದೇ ಎರಡೂ ಕಡೆಯ ದೂರು. ಸಿಟ್ಟು ಒಂದೇ ಬಗೆಯದಾದರೂ ತೀರ್ಪು ಮಾತ್ರ ತದ್ವಿರುದ್ಧ. ಇದು ಹೇಗಾಯಿತು?

ನಮಗೂ ಪರಿಚಿತವಾದ ಪದ್ಧತಿ

ವಿವಾದದ ಕೇಂದ್ರದಲ್ಲಿದ್ದ ಪದ್ಧತಿ ನಮಗೆ ಹೊಸದಲ್ಲ. ಲೋಕಸಭೆಗೂ ವಿಧಾನಸಭೆಗೂ ನಾವು ಮತ ಹಾಕುವುದು ಅದೇ ಕ್ರಮದಲ್ಲಿ. ಒಂದು ಕ್ಷೇತ್ರ, ಹಲವು ಅಭ್ಯರ್ಥಿಗಳು, ಹೆಚ್ಚು ಮತ ಪಡೆದವರು ಗೆದ್ದಂತೆ. ನೂರು ಮಂದಿ ಮತ ಹಾಕಿದ ಕಡೆ ಒಬ್ಬರಿಗೆ ಮೂವತ್ತು ಬಂದು, ಉಳಿದ ನಾಲ್ವರಿಗೆ ಅದಕ್ಕಿಂತ ಕಡಿಮೆ ಬಂದರೆ ಮೂವತ್ತರವರೇ ಶಾಸಕರು. ಉಳಿದ ಎಪ್ಪತ್ತು ಮಂದಿ ಬೇರೆಯವರನ್ನು ಬಯಸಿದ್ದರು ಎಂಬುದಕ್ಕೆ ಲೆಕ್ಕದಲ್ಲಿ ಜಾಗವಿಲ್ಲ.

ಇದರಲ್ಲಿ ಅನುಕೂಲಗಳಿಲ್ಲದಿಲ್ಲ. ಅಕ್ಷರ ಬಾರದವರಿಗೂ ಅರ್ಥವಾಗುವ ಸರಳತೆ ಇದೆ. ನಮ್ಮ ಊರಿಗೆ ಇವರೇ ಪ್ರತಿನಿಧಿ ಎಂದು ಬೆರಳು ಮಾಡಿ ತೋರಿಸಬಹುದು. ಹಲವು ಸಲ ಒಂದೇ ಪಕ್ಷಕ್ಕೆ ಸ್ಪಷ್ಟ ಬಹುಮತ ಬರುತ್ತದೆ, ಬೇಡವೆನಿಸಿದಾಗ ಆ ಪಕ್ಷವನ್ನು ಒಂದೇ ಏಟಿಗೆ ಇಳಿಸಲೂ ಬಹುದು. ಆದರೆ ರಾಜ್ಯದ ಒಟ್ಟು ಲೆಕ್ಕ ತೆಗೆದಾಗ ಕೆಲವೊಮ್ಮೆ ವಿಚಿತ್ರ ಫಲಿತಾಂಶಗಳು ಕಾಣುತ್ತವೆ. ಕರ್ನಾಟಕದ 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಶೇಕಡ 38ರಷ್ಟು ಮತ ಬಂದಿತ್ತು, ಬಿಜೆಪಿಗೆ ಶೇಕಡ 36ರಷ್ಟು. ಸ್ಥಾನಗಳು ಮಾತ್ರ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 80. ಮತ ಹೆಚ್ಚು, ಸ್ಥಾನ ಕಡಿಮೆ. ಯಾರ ಮೋಸವೂ ಇದರಲ್ಲಿಲ್ಲ. ಮತಗಳು ಯಾವ ಕ್ಷೇತ್ರದಲ್ಲಿ ಎಷ್ಟು ಬಿದ್ದವು ಎಂಬ ಹಂಚಿಕೆಯ ಫಲವಷ್ಟೆ.

ನ್ಯೂಜಿಲೆಂಡಿನಲ್ಲಿ ಇಂಥದೇ ಅನುಭವ ಬೆನ್ನುಬೆನ್ನಿಗೆ ಎರಡು ಸಲ ಆಯಿತು. ನಮ್ಮ ಕಥೆ ಅಲ್ಲಿಂದ ಆರಂಭ.

ಎರಡು ಸಲ ಗೆದ್ದು ಸೋತ ಪಕ್ಷ

1978ರ ಚುನಾವಣೆಯಲ್ಲಿ ಅಲ್ಲಿನ ಲೇಬರ್ ಪಕ್ಷ ನ್ಯಾಷನಲ್ ಪಕ್ಷಕ್ಕಿಂತ ಹೆಚ್ಚು ಮತ ಪಡೆಯಿತು. ಅಧಿಕಾರ ಸಿಕ್ಕಿದ್ದು ನ್ಯಾಷನಲ್ ಪಕ್ಷಕ್ಕೆ. 1981ರಲ್ಲಿ ಮತ್ತೆ ಅದೇ ಆಯಿತು. ಇವೆರಡಕ್ಕಿಂತ ದೊಡ್ಡ ಪೆಟ್ಟು ತಿಂದದ್ದು ಸೋಷಿಯಲ್ ಕ್ರೆಡಿಟ್ ಎಂಬ ಮೂರನೆಯ ಪಕ್ಷ. 1981ರಲ್ಲಿ ಐವರು ಮತದಾರರಲ್ಲಿ ಒಬ್ಬರು ಅದಕ್ಕೆ ಮತ ಹಾಕಿದ್ದರು. 92 ಸ್ಥಾನಗಳ ಸಂಸತ್ತಿನಲ್ಲಿ ಅದಕ್ಕೆ ದಕ್ಕಿದ್ದು ಎರಡು.

ಆ ದೇಶದಲ್ಲಿ ಗೆದ್ದ ಪಕ್ಷಕ್ಕೆ ಕಡಿವಾಣ ಹಾಕುವವರೂ ಇರಲಿಲ್ಲ. ಮೇಲ್ಮನೆಯನ್ನು 1950ರಲ್ಲೇ ರದ್ದು ಮಾಡಲಾಗಿತ್ತು. ನಮ್ಮಲ್ಲಿರುವಂತೆ ಒಂದೇ ಗ್ರಂಥವಾಗಿ ಬರೆದಿಟ್ಟ ಸಂವಿಧಾನವಿಲ್ಲ, ರಾಜ್ಯ ಸರ್ಕಾರಗಳೂ ಇಲ್ಲ. ಸಂಪುಟ ಬಯಸಿದ್ದು ಕಾನೂನಾಗುವುದಕ್ಕೆ ಹೆಚ್ಚು ಕಾಲ ಹಿಡಿಯುತ್ತಿರಲಿಲ್ಲ. ಇದು ಅಪಾಯವೆಂದು ಬರೆದವರಲ್ಲಿ ಜೆಫ್ರಿ ಪಾಮರ್ ಎಂಬ ಕಾನೂನು ಪ್ರಾಧ್ಯಾಪಕರು ಮುಖ್ಯರು. ಅವರು ರಾಜಕೀಯಕ್ಕೆ ಬಂದು ಲೇಬರ್ ಸರ್ಕಾರದಲ್ಲಿ ಕಾನೂನು ಸಚಿವರಾದ ಮೇಲೆ, 1985ರಲ್ಲಿ, ಚುನಾವಣಾ ಪದ್ಧತಿಯನ್ನು ಪರಿಶೀಲಿಸಲು ಒಂದು ಉನ್ನತ ಆಯೋಗ ರಚನೆಯಾಯಿತು.

ಆಯೋಗ 1986ರ ಡಿಸೆಂಬರಿನಲ್ಲಿ ಕೊಟ್ಟ ವರದಿ ದೊಡ್ಡ ಪಕ್ಷಗಳೆರಡನ್ನೂ ಬೆಚ್ಚಿಬೀಳಿಸಿತು. ಜರ್ಮನಿಯಲ್ಲಿ ಎರಡನೆಯ ಮಹಾಯುದ್ಧದ ಅನಂತರ ರೂಪುಗೊಂಡ ಮಿಶ್ರ ಪದ್ಧತಿಯನ್ನು ಅದು ಸೂಚಿಸಿತ್ತು. ಅದರ ಕ್ರಮ ಹೀಗೆ: ಪ್ರತಿ ಮತದಾರನಿಗೂ ಎರಡು ಮತ. ಒಂದು ತನ್ನ ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ತಾನು ಮೆಚ್ಚಿದ ಪಕ್ಷಕ್ಕೆ. ಪಕ್ಷಕ್ಕೆ ಬಿದ್ದ ಮತಗಳ ಪ್ರಮಾಣಕ್ಕೆ ತಕ್ಕಷ್ಟು ಸ್ಥಾನಗಳು ಆ ಪಕ್ಷಕ್ಕೆ ಸಿಗಬೇಕು. ಕ್ಷೇತ್ರಗಳಲ್ಲಿ ಗೆದ್ದದ್ದು ಕಡಿಮೆಯಾದರೆ, ಪಕ್ಷ ಮೊದಲೇ ಪ್ರಕಟಿಸಿದ ಪಟ್ಟಿಯಿಂದ ಉಳಿದ ಸದಸ್ಯರನ್ನು ತುಂಬಿಕೊಡಲಾಗುತ್ತದೆ. ಪುಡಿ ಪಕ್ಷಗಳ ಹಾವಳಿ ತಡೆಯಲು ಒಂದು ಮಿತಿಯೂ ಉಂಟು. ಜಾರಿಗೆ ಬಂದ ಕಾನೂನಿನ ಪ್ರಕಾರ ಶೇಕಡ ಐದು ಮತವನ್ನೋ ಕನಿಷ್ಠ ಒಂದು ಕ್ಷೇತ್ರವನ್ನೋ ಗೆಲ್ಲದ ಪಕ್ಷಕ್ಕೆ ಪಾಲಿಲ್ಲ.

ವರದಿಯನ್ನು ಕಪಾಟಿನಲ್ಲಿಟ್ಟು ಮರೆಯುವುದೇ ಎರಡೂ ಪಕ್ಷಗಳಿಗೆ ಹಿತವಾಗಿತ್ತು. ಆದರೆ 1987ರ ಚುನಾವಣೆಯ ಸಂದರ್ಭದಲ್ಲಿ ಪ್ರಧಾನಿ ಡೇವಿಡ್ ಲಾಂಗಿ ಟೆಲಿವಿಷನ್ ಚರ್ಚೆಯೊಂದರಲ್ಲಿ ಜನಮತಗಣನೆ ನಡೆಸುವುದಾಗಿ ಹೇಳಿಬಿಟ್ಟರು. ಕೈಯಲ್ಲಿದ್ದ ಟಿಪ್ಪಣಿಯನ್ನು ತಪ್ಪಾಗಿ ಓದಿ ಹಾಗೆಂದರು ಎಂದು ಹೇಳುವುದುಂಟು. ಗೆದ್ದ ಮೇಲೆ ಅವರ ಸರ್ಕಾರ ಅದನ್ನು ನಡೆಸಲಿಲ್ಲ. ಇದನ್ನೇ ಹಿಡಿದು ಜಿಮ್ ಬೋಲ್ಜರ್ ನಾಯಕತ್ವದ ನ್ಯಾಷನಲ್ ಪಕ್ಷ 1990ರಲ್ಲಿ ತಾನು ಮಾತು ಉಳಿಸಿಕೊಳ್ಳುವುದಾಗಿ ಸಾರಿತು. ಎದುರಾಳಿಯನ್ನು ಹಂಗಿಸಲು ಆಡಿದ ಮಾತು ತನ್ನ ಕೊರಳಿಗೇ ಸುತ್ತಿಕೊಂಡಿತು.

ಮುರಿದ ಮಾತುಗಳ ದಶಕ

ಇಷ್ಟರಲ್ಲಿ ಜನರ ಸಹನೆ ತೀರಿತ್ತು. 1984ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರದ ಹಣಕಾಸು ಸಚಿವ ರೋಜರ್ ಡಗ್ಲಸ್, ಚುನಾವಣೆಯಲ್ಲಿ ಹೇಳದೇ ಇದ್ದ ಆರ್ಥಿಕ ಸುಧಾರಣೆಗಳನ್ನು ಮಿಂಚಿನ ವೇಗದಲ್ಲಿ ತಂದರು. ರೈತರ ಸಹಾಯಧನ ನಿಂತಿತು, ಸರ್ಕಾರಿ ಉದ್ಯಮಗಳು ಮಾರಾಟವಾದವು, ಬಹಳ ಜನ ಕೆಲಸ ಕಳೆದುಕೊಂಡರು. ಇದರಿಂದ ರೋಸಿದ ಜನ 1990ರಲ್ಲಿ ನ್ಯಾಷನಲ್ ಪಕ್ಷವನ್ನು ಭಾರಿ ಬಹುಮತದಿಂದ ಗೆಲ್ಲಿಸಿದರೆ, ಅದೂ ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. ಹಿರಿಯ ನಾಗರಿಕರ ಪಿಂಚಣಿಯ ಮೇಲಿದ್ದ ಹೆಚ್ಚುವರಿ ತೆರಿಗೆಯನ್ನು ತೆಗೆಯುತ್ತೇನೆಂದು ಮಾತು ಕೊಟ್ಟಿದ್ದ ಪಕ್ಷ ಅದನ್ನು ತೆಗೆಯಲಿಲ್ಲ. 1991ರ ಬಜೆಟ್ಟಿನ ಕಾಲಕ್ಕೆ ಬಡವರ ಭತ್ಯೆಗಳಿಗೂ ಕತ್ತರಿ ಬಿತ್ತು.

ಯಾರನ್ನು ಕಳಿಸಿದರೂ ಇಷ್ಟೇ ಎಂಬ ಭಾವನೆ ಊರೂರಿನಲ್ಲಿ ಬೇರೂರಿದ ಹೊತ್ತಿಗೆ, 1992ರ ಸೆಪ್ಟೆಂಬರ್ 19ರಂದು, ಮೊದಲ ಜನಮತಗಣನೆ ನಡೆಯಿತು. ಬದಲಾವಣೆ ಬೇಕೆಂದವರು ಶೇಕಡ 85ರ ಸಮೀಪ! ನಾಲ್ಕು ಪರ್ಯಾಯಗಳಲ್ಲಿ ಮಿಶ್ರ ಪದ್ಧತಿಗೆ ಶೇಕಡ 70ರಷ್ಟು ಬೆಂಬಲ ಬಂತು. ಅಂತಿಮ ತೀರ್ಮಾನಕ್ಕೆ 1993ರ ನವೆಂಬರ್ 6ರ ಮಹಾಚುನಾವಣೆಯ ದಿನವನ್ನೇ ಗೊತ್ತು ಮಾಡಿದರು. ಜಗತ್ತಿನಲ್ಲೇ ಮೊದಲಿಗೆ ಹೆಂಗಸರಿಗೆ ಮತಾಧಿಕಾರ ಕೊಟ್ಟ ದೇಶ ಅದು. ಆ ಘಟನೆಗೆ ನೂರು ತುಂಬಿದ ವರ್ಷದಲ್ಲೇ ಈ ಮತದಾನವೂ ಬಂದಿತ್ತು.

ಎರಡನೆಯ ಸುತ್ತಿನಲ್ಲಿ ಸ್ಪರ್ಧೆ ಬಿಗಿಯಾಯಿತು. ದೊಡ್ಡ ಉದ್ಯಮಿ ಪೀಟರ್ ಶರ್ಟ್‌ಕ್ಲಿಫ್ ನೇತೃತ್ವದಲ್ಲಿ ಹಳೆಯ ಪದ್ಧತಿಯ ಪರವಾದ ಪ್ರಚಾರಕ್ಕೆ ಹಣ ಹರಿಯಿತು. ತಲೆಯ ಮೇಲೆ ಕಾಗದದ ಚೀಲ ಮುಚ್ಚಿಕೊಂಡ ಮನುಷ್ಯರು ಅದರ ಜಾಹೀರಾತುಗಳಲ್ಲಿ ಕಾಣಿಸಿಕೊಂಡರು. ಪಕ್ಷದ ಪಟ್ಟಿಯಿಂದ ಬರುವ ಸದಸ್ಯರ ಮುಖವೇ ನಿಮಗೆ ತಿಳಿಯದು ಎಂಬುದು ಅದರ ಅರ್ಥ. ವಾದದಲ್ಲಿ ಹುರುಳಿತ್ತು, ಆದರೆ ವಾದಿಸಿದವರನ್ನು ಜನ ನಂಬಲಿಲ್ಲ. ಎರಡೂ ಪಕ್ಷಗಳ ಹಿರಿಯರಲ್ಲಿ ಬಹುಪಾಲು ಮಂದಿ, ಜೊತೆಗೆ ದೊಡ್ಡ ಉದ್ಯಮಿಗಳು, ಎಲ್ಲರೂ ಬೇಡ ಎನ್ನುತ್ತಿದ್ದಾರೆಂದರೆ ಇದರಲ್ಲಿ ನಮಗೇನೋ ಒಳ್ಳೆಯದಿರಲೇಬೇಕು ಎಂದು ಅನೇಕರು ತರ್ಕಿಸಿದರು. ಶೇಕಡ 85ರಷ್ಟು ಮತದಾರರು ಬಂದು ಮತ ಹಾಕಿದ ಆ ದಿನ ಮಿಶ್ರ ಪದ್ಧತಿ ಶೇಕಡ 54ರಷ್ಟು ಮತ ಪಡೆದು ಗೆದ್ದಿತು.

ಲಂಡನ್ನಿನಲ್ಲಿ ತಲೆಕೆಳಗಾದ ಕಥೆ

ಹದಿನೆಂಟು ವರ್ಷಗಳ ಬಳಿಕ ಬ್ರಿಟನ್ನಿನಲ್ಲೂ ಇದೇ ಬಗೆಯ ಪ್ರಶ್ನೆ ಬಂತು. ಆದರೆ ಬಂದ ದಾರಿ ಬೇರೆ. ಅಲ್ಲಿಯೂ ರಾಯ್ ಜೆಂಕಿನ್ಸ್ ನೇತೃತ್ವದ ಆಯೋಗ 1998ರಲ್ಲಿ ವರದಿ ಕೊಟ್ಟಿತ್ತು, ಲೇಬರ್ ಸರ್ಕಾರ ಅದನ್ನು ಮೂಲೆಗಿಟ್ಟಿತ್ತು. 2010ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬಾರದೆ, ಡೇವಿಡ್ ಕ್ಯಾಮರೂನ್ ಅವರ ಕನ್ಸರ್ವೇಟಿವ್ ಪಕ್ಷವೂ ನಿಕ್ ಕ್ಲೆಗ್ ಅವರ ಲಿಬರಲ್ ಡೆಮಾಕ್ರಟಿಕ್ ಪಕ್ಷವೂ ಕೂಡಿ ಸರ್ಕಾರ ಮಾಡಿದವು. ಶೇಕಡ 23 ಮತ ಪಡೆದ ಲಿಬರಲ್ಲರಿಗೆ 650ರಲ್ಲಿ 57 ಸ್ಥಾನಗಳು ಮಾತ್ರ ಸಿಕ್ಕಿದ್ದವು. ಅವರಿಗೆ ಬೇಕಿದ್ದದ್ದು ಮತ ಪ್ರಮಾಣಕ್ಕೆ ತಕ್ಕ ಸ್ಥಾನ. ಕನ್ಸರ್ವೇಟಿವರಿಗೆ ಯಾವ ಬದಲಾವಣೆಯೂ ಬೇಕಿರಲಿಲ್ಲ. ನಡುವೆ ಒಪ್ಪಂದವಾದದ್ದು ಪ್ರಾಶಸ್ತ್ಯ ಮತದ ಪದ್ಧತಿ. ಚುನಾವಣೆಗೆ ಮೊದಲು, ಲೇಬರ್ ಪಕ್ಷ ಅದನ್ನೇ ಮುಂದಿಟ್ಟಾಗ, ದರಿದ್ರ ರಾಜಿ ಎಂಬರ್ಥದ ಮಾತಿನಿಂದ ಹೀಗಳೆದಿದ್ದವರು ಇದೇ ಕ್ಲೆಗ್.

ಪ್ರಾಶಸ್ತ್ಯ ಮತ ನಮಗೆ ಗೊತ್ತಿರುವುದೇ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳ ಮತದಾರರು ಮತಗಟ್ಟೆಯಲ್ಲಿ ಕೊಟ್ಟ ನೇರಳೆ ಬಣ್ಣದ ಪೆನ್ನಿನಿಂದ ಹೆಸರುಗಳ ಮುಂದೆ 1, 2, 3 ಎಂದು ಬರೆಯುತ್ತಾರಲ್ಲ, ಅದೇ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿನ ಮುಂದಿನ ಪ್ರಾಶಸ್ತ್ಯವನ್ನು ಉಳಿದವರಿಗೆ ಸೇರಿಸುತ್ತಾ ಹೋಗುವುದು. 1969ರಲ್ಲಿ ನೀಲಂ ಸಂಜೀವ ರೆಡ್ಡಿಯವರ ಎದುರು ವಿ.ವಿ. ಗಿರಿಯವರು ರಾಷ್ಟ್ರಪತಿಯಾದದ್ದು ಎರಡನೆಯ ಪ್ರಾಶಸ್ತ್ಯದ ಮತಗಳ ಎಣಿಕೆಯಿಂದಲೇ.

ಪದ್ಧತಿಯ ಗುಣದೋಷಗಳು ಬ್ರಿಟನ್ನಿನ ಪ್ರಚಾರದಲ್ಲಿ ಬೇಗನೆ ಮರೆಯಾದವು. ವಿರೋಧಿ ಬಣ ಒಂದು ಭಿತ್ತಿಪತ್ರದಲ್ಲಿ ಎಳೆಯ ಮಗುವಿನ ಚಿತ್ರ ಹಾಕಿ, ಇದಕ್ಕೆ ಬೇಕಾದದ್ದು ಹೃದಯ ಚಿಕಿತ್ಸಾ ಘಟಕ, ಹೊಸ ಮತ ಪದ್ಧತಿಯಲ್ಲ ಎಂದಿತು. ಇನ್ನೊಂದರಲ್ಲಿ ಸೈನಿಕನಿಗೆ ಬೇಕಾದದ್ದು ಗುಂಡುನಿರೋಧಕ ಕವಚ ಎಂದಿತು. ಹೊಸ ಪದ್ಧತಿಗೆ 25 ಕೋಟಿ ಪೌಂಡ್ ಖರ್ಚಾಗುವುದೆಂಬ ಲೆಕ್ಕವನ್ನು ಮುಂದಿಟ್ಟಿತು. ಅದರಲ್ಲಿ ದೊಡ್ಡ ಪಾಲು ಮತ ಎಣಿಸುವ ಯಂತ್ರಗಳದ್ದು. ಅಂಥ ಯಂತ್ರ ಕೊಳ್ಳುವ ತೀರ್ಮಾನವನ್ನೇ ಸರ್ಕಾರ ಮಾಡಿರಲಿಲ್ಲ. ಇದೇ ಪದ್ಧತಿಯಿರುವ ಆಸ್ಟ್ರೇಲಿಯದಲ್ಲಿ ಕೆಳಮನೆಯ ಮತಪತ್ರಗಳನ್ನು ಕೈಯಲ್ಲೇ ಎಣಿಸುತ್ತಿದ್ದರು. ಪರವಾದ ಬಣವೂ ಹಿಂದೆ ಬೀಳಲಿಲ್ಲ. ಸಂಸದರ ಭತ್ಯೆ ಹಗರಣದ ನೆನಪು ಹಸಿಯಾಗಿತ್ತು. ಹೊಸ ಪದ್ಧತಿ ಬಂದರೆ ಸಂಸದರು ಮೈಬಗ್ಗಿಸಿ ದುಡಿಯಬೇಕಾಗುತ್ತದೆ ಎಂದು ಅದು ಸಾರಿತು. ಅಂಕಿ ಬರೆಯುವ ಕ್ರಮದಿಂದ ಅಷ್ಟೆಲ್ಲ ಆಗುವುದೆಂದು ನಂಬುವುದು ಜನರಿಗೆ ಕಷ್ಟವಾಯಿತು.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ ಅಸ್ತ್ರವೆಂದರೆ ಕ್ಲೆಗ್ ಅವರ ಮುಖ. ವಿಶ್ವವಿದ್ಯಾಲಯಗಳ ಬೋಧನಾ ಶುಲ್ಕ ಹೆಚ್ಚಿಸುವುದರ ವಿರುದ್ಧ ಮತ ಹಾಕುವುದಾಗಿ ಅವರೂ ಅವರ ಪಕ್ಷದವರೂ ಚುನಾವಣೆಗೆ ಮೊದಲು ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದ್ದರು. 2010ರ ಡಿಸೆಂಬರಿನಲ್ಲಿ ಅವರಿದ್ದ ಸರ್ಕಾರವೇ ಶುಲ್ಕದ ಮಿತಿಯನ್ನು ವರ್ಷಕ್ಕೆ 9,000 ಪೌಂಡಿಗೆ ಏರಿಸಿತು. ವಿದ್ಯಾರ್ಥಿಗಳು ಲಂಡನ್ನಿನ ಬೀದಿಗಿಳಿದರು. ಇದಾದ ಐದೇ ತಿಂಗಳಿಗೆ ಜನಮತಗಣನೆ. ಅವರ ಭಾವಚಿತ್ರ ಹಾಕಿದ ಕರಪತ್ರಗಳು ಮನೆಮನೆಗೆ ಹೋದವು. ಕ್ಲೆಗ್ ಅವರನ್ನು ದಂಡಿಸಲು ಒಂದು ಅವಕಾಶ ಬಂದಿದೆ ಎಂದು ಬಹಳ ಮಂದಿ ಭಾವಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

2011ರ ಮೇ 5ರಂದು ಮತಗಟ್ಟೆಗೆ ಬಂದವರು ಶೇಕಡ 42ರಷ್ಟು ಮಾತ್ರ. ಅವರಲ್ಲಿ ಶೇಕಡ 68ರಷ್ಟು ಮಂದಿ ಬದಲಾವಣೆ ಬೇಡವೆಂದರು. ಎಣಿಕೆಯಾದ 440 ಪ್ರದೇಶಗಳಲ್ಲಿ ಬೇಕು ಎಂದದ್ದು ಹತ್ತೇ ಹತ್ತು. ಆಕ್ಸ್‌ಫರ್ಡ್, ಕೇಂಬ್ರಿಜ್, ಎಡಿನ್‌ಬರೊ ಮತ್ತು ಗ್ಲಾಸ್ಗೋ ನಗರಗಳ ಒಂದೊಂದು ಭಾಗ, ಉಳಿದವು ಲಂಡನ್ನಿನ ಆರು ವಿಭಾಗಗಳು.

ಪ್ರಶ್ನೆ ಕೇಳಿದವರು ಯಾರು?

ಬೇಡವೆಂದವರೆಲ್ಲ ಸಿಟ್ಟಿನಿಂದಲೇ ಹಾಗೆಂದರು ಎನ್ನುವುದು ತಪ್ಪಾಗುತ್ತದೆ. ಹಳೆಯ ಪದ್ಧತಿಯ ಸರಳತೆಯನ್ನು ಮನಸಾರೆ ಮೆಚ್ಚಿದವರಿದ್ದರು. ಬರೀ ಪ್ರಾಶಸ್ತ್ಯ ಮತದಿಂದ ಸ್ಥಾನಗಳ ಹಂಚಿಕೆ ಸರಿಹೋಗದು, ಇದಕ್ಕೆ ಒಪ್ಪಿಕೊಂಡರೆ ನಿಜವಾದ ಸುಧಾರಣೆ ಶಾಶ್ವತವಾಗಿ ತಪ್ಪಿಹೋದೀತು ಎಂದು ಹೆದರಿದ ಸುಧಾರಣಾವಾದಿಗಳೂ ಇದ್ದರು. ಆದರೂ ಎರಡು ದೇಶಗಳ ಕಥೆಯನ್ನು ಪಕ್ಕಪಕ್ಕ ಇಟ್ಟರೆ ಒಂದು ಸಂಗತಿ ಎದ್ದು ಕಾಣುತ್ತದೆ. ನ್ಯೂಜಿಲೆಂಡಿನಲ್ಲಿ ಜನರ ಸಿಟ್ಟಿಗೆ ಗುರಿಯಾಗಿದ್ದವರು ಹಳೆಯ ಪದ್ಧತಿಯ ಪರವಾಗಿ ನಿಂತಿದ್ದರು. ಬ್ರಿಟನ್ನಿನಲ್ಲಿ ಸಿಟ್ಟಿಗೆ ಗುರಿಯಾದವರು ಹೊಸ ಪದ್ಧತಿಯ ಪರವಾಗಿದ್ದರು. ಮತಪತ್ರದ ಪ್ರಶ್ನೆಗಿಂತ ಆ ಪ್ರಶ್ನೆಯ ಹಿಂದೆ ನಿಂತವರ ಮುಖ ನೋಡಿ ಜನ ಉತ್ತರ ಕೊಟ್ಟರು.

ಕಾಲಾವಕಾಶದ ವ್ಯತ್ಯಾಸವೂ ಸಣ್ಣದಲ್ಲ. ನ್ಯೂಜಿಲೆಂಡಿನಲ್ಲಿ ಆಯೋಗದ ವರದಿಯಿಂದ ಅಂತಿಮ ಮತದಾನದವರೆಗೆ ಏಳು ವರ್ಷ ಚರ್ಚೆ ನಡೆದಿತ್ತು. ಬ್ರಿಟನ್ನಿನಲ್ಲಿ ಎರಡು ಪಕ್ಷಗಳು ಮುಚ್ಚಿದ ಬಾಗಿಲ ಹಿಂದೆ ಮಾಡಿಕೊಂಡ ಒಪ್ಪಂದ ಒಂದು ವರ್ಷದೊಳಗೆ ಜನರ ಮುಂದೆ ಬಂದಿತ್ತು.

ಪ್ರಶ್ನೆಯನ್ನು ರಾಜಕಾರಣಿಗಳ ಬದಲು ಜನಸಾಮಾನ್ಯರೇ ರೂಪಿಸಿದರೆ? ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ ಆ ಪ್ರಯೋಗವನ್ನೂ ಮಾಡಿ ನೋಡಿತು. ಚೀಟಿ ಎತ್ತಿದಂತೆ ಆರಿಸಿದ 160 ಮಂದಿ ಸಾಮಾನ್ಯ ನಾಗರಿಕರು, ಪ್ರತಿ ಕ್ಷೇತ್ರದಿಂದ ಒಬ್ಬ ಗಂಡಸು, ಒಬ್ಬ ಹೆಂಗಸು ಎಂಬಂತೆ, 2004ರಲ್ಲಿ ತಿಂಗಳುಗಟ್ಟಲೆ ಕುಳಿತು ಅಭ್ಯಾಸ ಮಾಡಿ ಹೊಸ ಪದ್ಧತಿಯೊಂದನ್ನು ಸೂಚಿಸಿದರು. 2005ರ ಮತದಾನದಲ್ಲಿ ಶೇಕಡ 57ಕ್ಕೂ ಹೆಚ್ಚು ಜನ ಒಪ್ಪಿದರು. ಆದರೆ ಗೆಲ್ಲಲು ಶೇಕಡ 60 ಬೇಕೆಂದು ಸರ್ಕಾರ ಮೊದಲೇ ವಿಧಿಸಿತ್ತು! ನಾಲ್ಕು ವರ್ಷ ಬಿಟ್ಟು ಮತ್ತೆ ಕೇಳಿದಾಗ ಒಪ್ಪಿದವರು ಶೇಕಡ 39ಕ್ಕೆ ಇಳಿದಿದ್ದರು. 2018ರಲ್ಲಿ ಮೂರನೆಯ ಸಲ ಕೇಳಿದಾಗಲೂ ಶೇಕಡ 61ರಷ್ಟು ಮಂದಿ ಹಳೆಯದೇ ಇರಲಿ ಎಂದರು. ತಪ್ಪಿದ ಮುಹೂರ್ತ ಮರಳಿ ಬರಲಿಲ್ಲ.

ಆಮೇಲೆ ಏನಾಯಿತು?

ನ್ಯೂಜಿಲೆಂಡಿನ ಜನ ತಮ್ಮ ತೀರ್ಮಾನಕ್ಕೆ ಮೊದಮೊದಲು ಪರಿತಪಿಸಿದ್ದುಂಟು. 1996ರ ಅಕ್ಟೋಬರಿನಲ್ಲಿ ಹೊಸ ಪದ್ಧತಿಯ ಮೊದಲ ಚುನಾವಣೆ ಮುಗಿದ ಮೇಲೆ, ಸಣ್ಣ ಪಕ್ಷದ ನಾಯಕ ವಿನ್‌ಸ್ಟನ್ ಪೀಟರ್ಸ್ ಯಾರ ಕಡೆ ಹೋಗುತ್ತಾರೆಂದು ದೇಶ ಎರಡು ತಿಂಗಳು ಕಾಯಬೇಕಾಯಿತು. ಕಿಚಡಿ ಸರ್ಕಾರಗಳ ಕಾಟ ಅವರಿಗೂ ಅಂಟಿತು. ಆದರೆ ಮಾವೊರಿ ಮೂಲನಿವಾಸಿಗಳೂ ಮಹಿಳೆಯರೂ ಸಂಸತ್ತಿನಲ್ಲಿ ಹಿಂದಿಗಿಂತ ಹೆಚ್ಚಾಗಿ ಕಾಣಿಸಿಕೊಂಡರು. ಒಂದೇ ಪಕ್ಷದ ಸಂಪುಟ ರಾತ್ರೋರಾತ್ರಿ ದೇಶದ ದಿಕ್ಕನ್ನೇ ತಿರುಗಿಸುವ ಕಾಲ ಮುಗಿಯಿತು. 2011ರ ನವೆಂಬರಿನಲ್ಲಿ, ಬ್ರಿಟನ್ನು ಬೇಡವೆಂದ ಅದೇ ವರ್ಷ, ಇದು ಇರಲೋ ಬೇಡವೋ ಎಂದು ಮತ್ತೆ ಕೇಳಿದಾಗ ಶೇಕಡ 58ರಷ್ಟು ಜನ ಇರಲಿ ಎಂದರು. ರೂಢಿಯಾದದ್ದನ್ನು ಬಿಡಲು ಮನಸ್ಸಾಗದು. ಈ ಸಲ ರೂಢಿಯಾಗಿದ್ದದ್ದು ಹೊಸ ಪದ್ಧತಿ.

ಬ್ರಿಟನ್ನು ಉಳಿಸಿಕೊಂಡ ಪದ್ಧತಿಯ ಫಲಗಳೂ ಕಣ್ಣಮುಂದಿವೆ. 2015ರಲ್ಲಿ ಶೇಕಡ 12ಕ್ಕೂ ಹೆಚ್ಚು, ಅಂದರೆ 38 ಲಕ್ಷಕ್ಕೂ ಮೀರಿ ಮತ ಪಡೆದ ಯುಕೆ ಇಂಡಿಪೆಂಡೆನ್ಸ್ ಪಕ್ಷಕ್ಕೆ ಸಿಕ್ಕಿದ್ದು ಒಂದೇ ಸ್ಥಾನ. 2024ರಲ್ಲಿ ಲೇಬರ್ ಪಕ್ಷ ಶೇಕಡ 34ರಷ್ಟು ಮತದಿಂದ 411 ಸ್ಥಾನ ಗೆದ್ದಿತು. ಒಂದು ಕಾಲಕ್ಕೆ ಈ ಪದ್ಧತಿಯಿಂದ ನೊಂದಿದ್ದ ಲಿಬರಲ್ ಡೆಮಾಕ್ರಟರು ಆ ಸಲ ಶೇಕಡ 12ರಷ್ಟು ಮತಕ್ಕೆ 72 ಸ್ಥಾನ ಪಡೆದರೆ, ಅವರಿಗಿಂತ ಹೆಚ್ಚು ಮತ ಗಳಿಸಿದ ರಿಫಾರ್ಮ್ ಪಕ್ಷಕ್ಕೆ ಐದೇ ದಕ್ಕಿದವು.

ನಮ್ಮಲ್ಲಿ ಇಂಥ ಜನಮತಗಣನೆ ನಡೆದಿಲ್ಲ. ಸಂವಿಧಾನದಲ್ಲಿ ಅದಕ್ಕೆ ಏರ್ಪಾಡೂ ಇಲ್ಲ. ಈಗಿನ ಕ್ಷೇತ್ರಗಳ ಜೊತೆಗೆ ಪಕ್ಷಗಳ ಪಟ್ಟಿಯಿಂದಲೂ ಒಂದಷ್ಟು ಸದಸ್ಯರು ಬರುವಂಥ ವ್ಯವಸ್ಥೆಯನ್ನು ಕಾನೂನು ಆಯೋಗ 1999ರ ತನ್ನ ವರದಿಯಲ್ಲಿ ಸೂಚಿಸಿತ್ತು. ಅದು ಸೂಚನೆಯಾಗಿಯೇ ಉಳಿಯಿತು. 1984ರಲ್ಲಿ ಕಾಂಗ್ರೆಸ್ ಅರ್ಧಕ್ಕಿಂತ ಕಡಿಮೆ ಮತದಿಂದ 400ಕ್ಕೂ ಹೆಚ್ಚು ಸ್ಥಾನ ಗೆದ್ದಿತ್ತು, 2014ರಲ್ಲಿ ಬಿಜೆಪಿ ಶೇಕಡ 31 ಮತದಿಂದ 282 ಗೆದ್ದಿತು. ಗೆದ್ದಾಗ ಈ ಲೆಕ್ಕವನ್ನು ಯಾವ ಪಕ್ಷವೂ ತೆಗೆಯುವುದಿಲ್ಲ, ಸೋತಾಗ ಎಲ್ಲರೂ ತೆಗೆಯುತ್ತಾರೆ.

ಮುಂದೆ ಎಂದಾದರೂ ಈ ಚರ್ಚೆ ನಮ್ಮ ಅಂಗಳಕ್ಕೆ ಬಂದರೆ, ಆ ಎರಡು ದೇಶಗಳ ಅನುಭವ ನೆನಪಿರಬೇಕು. ಸರ್ಕಾರದ ಮೇಲಿನ ಸಿಟ್ಟು ಐದು ವರ್ಷಕ್ಕೊಮ್ಮೆ ತೀರಿಸಿಕೊಳ್ಳಬಹುದಾದ ಲೆಕ್ಕ. ಮತ ಪದ್ಧತಿ ಹಾಗಲ್ಲ. ಒಮ್ಮೆ ಆರಿಸಿದರೆ ಮಕ್ಕಳು ಮೊಮ್ಮಕ್ಕಳೂ ಅದರಲ್ಲೇ ಮತ ಹಾಕಬೇಕಾಗುತ್ತದೆ. ಅಂಥ ಪ್ರಶ್ನೆಗೆ ಉತ್ತರ ಬರೆಯುವಾಗ ಎದುರಿಗಿರುವ ಮುಖವನ್ನು ಮರೆತು ಕೈಯಲ್ಲಿರುವ ಕಾಗದವನ್ನು ಓದುವುದು ಒಳ್ಳೆಯದು.